ಖಿನ್ನತೆ: ವೈದ್ಯರನ್ನು ಕಾಣುವ ಮೊದಲು ಮತ್ತು ಕಂಡ ಮೇಲೆ

ಖಿನ್ನತೆಯಿಂದ ಬಳಲುವ ಅನೇಕರು ಅದನ್ನು ಬೇಸರವೆಂದು ಹೇಳಿಕೊಳ್ಳುವುದೇ ಇಲ್ಲ. ತಲೆನೋವು, ಸುಸ್ತು, ಗ್ಯಾಸ್ಟ್ರಿಕ್ ಎಂದು ಬಡಾವಣೆಯ ಕ್ಲಿನಿಕ್‌ಗಳನ್ನೆಲ್ಲ ಸುತ್ತಿ, ಪರೀಕ್ಷಾ ವರದಿಗಳು ಸರಿಯಾಗಿಯೇ ಬಂದ ಮೇಲೂ ನರಳುತ್ತಿರುತ್ತಾರೆ.

ಆದ್ದರಿಂದ ಮೊದಲು ಗಮನಿಸಿ, ಬರೆದಿಡಿ. ದಿನದ ಬಹುಪಾಲು ಕುಗ್ಗಿದ ಮನಸ್ಸು ಅಥವಾ ಹಿಂದೆ ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಇದ್ದು, ಅದರೊಂದಿಗೆ ನಿದ್ದೆ ಮತ್ತು ಹಸಿವಿನ ಏರುಪೇರು, ಆಯಾಸ, ಏಕಾಗ್ರತೆಯ ಕೊರತೆ, ಅಪರಾಧಿ ಭಾವ, ಸಾವಿನ ಯೋಚನೆ ಮುಂತಾದವು ಸೇರಿ ಒಟ್ಟು 5 ಲಕ್ಷಣಗಳು 2 ವಾರ ಬಿಡದೆ ಕಾಡಿ ದಿನನಿತ್ಯದ ಕೆಲಸವನ್ನು ಕೆಡಿಸಿದ್ದರೆ, ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ಕೊರತೆಯೂ ರಕ್ತಹೀನತೆಯೂ ಇದೇ ವೇಷದಲ್ಲಿ ಬರುವುದುಂಟು. ರಕ್ತಪರೀಕ್ಷೆ ಬರೆದುಕೊಟ್ಟರೆ ಗೊಣಗಬೇಡಿ. ಕುಡಿತವಿದ್ದರೆ ಮುಚ್ಚಿಡಬೇಡಿ. ಹಿಂದೆಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಹುರುಪು ದಿನಗಟ್ಟಲೆ ಉಕ್ಕಿದ್ದರೆ ಅದನ್ನಂತೂ ತಪ್ಪದೆ ಹೇಳಿ, ಏಕೆಂದರೆ ಆಗ ಔಷಧದ ಆಯ್ಕೆಯೇ ಬದಲಾಗುತ್ತದೆ.

ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗಲು ಜನ ಹಿಂಜರಿಯುವುದೂ ಗೊತ್ತಿರುವ ಸಂಗತಿಯೇ. ಹಾಗೆ ಅಳುಕಿದವರು ಮನೆಯ ಹತ್ತಿರದ ಆಸ್ಪತ್ರೆಯ ಮನೋವೈದ್ಯರಿಂದಲೇ ಆರಂಭಿಸಬಹುದು. ಮಾತ್ರೆ ಬರೆಯುವವರು ಮನೋವೈದ್ಯರು. ಮಾತಿನ ಮೂಲಕ ಚಿಕಿತ್ಸೆ ನೀಡುವವರು ಸಾಮಾನ್ಯವಾಗಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು. ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆಯೊಂದೇ ಸಾಲಬಹುದು, ತೀವ್ರವಾದಾಗ ಎರಡೂ ಬೇಕಾಗುತ್ತವೆ. ಜೊತೆಗೆ ಮನೆಯವರೊಬ್ಬರಿದ್ದರೆ ಒಳ್ಳೆಯದು, ರೋಗಿ ಗಮನಿಸದ ಬದಲಾವಣೆ ಅವರ ಕಣ್ಣಿಗೆ ಬಿದ್ದಿರುತ್ತದೆ.

ಹೆಚ್ಚಿನವರು ಎಡವುವುದು ಇದರ ನಂತರ. ಮಾತ್ರೆಯಿಂದ ವಾಕರಿಕೆಯಂತಹ ತೊಂದರೆ ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳಬಹುದು, ಗುಣ ಕಾಣಲು ಮಾತ್ರ 2ರಿಂದ 4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು; ಈ ನಡುವೆ ಬೇಸತ್ತು ಬಿಟ್ಟವರು ಔಷಧವೇ ನಾಟಲಿಲ್ಲ ಎನ್ನುತ್ತಾರೆ. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಬೇಕು. ಖರ್ಚಿನ ಚಿಂತೆಯಿದ್ದವರು ತಮ್ಮ ವಿಮಾ ಪಾಲಿಸಿಯನ್ನು ತೆಗೆದು ನೋಡಲಿ: ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಯವರೆಗೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅಪಾಯ ಹತ್ತಿರವೆನಿಸಿದರೆ ರೋಗಿಯನ್ನು ಸಮೀಪದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನು ಇನ್ನೊಬ್ಬರ ಸುಪರ್ದಿಯಲ್ಲಿಡಿ.