ಹುಡುಗರ ಜೊತೆ ಕೂತು ರ‍್ಯಾಪ್ ಬರೆಯುವಾಗ

ಧಾರವಾಡದಲ್ಲಿ ಭಾನುವಾರ ಬೆಳಿಗ್ಗೆ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ರ‍್ಯಾಪ್ ಬರೆಯೋದು ಹೇಳಿಕೊಡುತ್ತೇನೆ. ರ‍್ಯಾಪ್ ಕೇಳಿ ಮಕ್ಕಳು ಹಾಳಾಗ್ತಾರೆ ಅನ್ನುವವರನ್ನೂ, ಸುಮ್ನೆ ಹಾಡು ತಾನೇ ಅನ್ನುವವರನ್ನೂ ನಾನು ಒಪ್ಪುವುದಿಲ್ಲ. ದಿನಾ ಕಿವಿಗೆ ಬೀಳುವ ಮಾತು ಬಾಯಿಗೂ ಬಂದೇ ಬರುತ್ತದೆ. ಅದಕ್ಕೇ ಕೇಳುವ ಮಕ್ಕಳು ಬರೆಯೋದನ್ನೂ ಕಲಿಯಲಿ ಅನ್ನೋದು ನನ್ನ ಹಟ.

ಹೊಸಬರು ಮೊದಲು ಬರೆಯೋದು ಕಾರು, ದುಡ್ಡು, ಬಂದೂಕು. ಆ ಸಾಲುಗಳನ್ನು ನಾನು ಹೊಡೆದು ಹಾಕುವುದಿಲ್ಲ. ಒಬ್ಬ ಹುಡುಗನಿಗೆ "ಈ ಕಾರು ಯಾರದಪ್ಪ?" ಅಂತ ಕೇಳಿದೆ.

"ನಮ್ಮದಲ್ಲ ಸರ್."

"ನಿಮ್ಮನಿ ಮುಂದ ಏನು ನಿಂತಿರತೈತಿ?"

"ಅಪ್ಪನ ಟಂಟಂ ಸರ್."

ಆ ಮೂರು ಗಾಲಿ ಗಾಡಿ ಮೇಲೇ ಬರಿ ಅಂದೆ. ಗಾಡಿ ಕಂತು, ಡೀಸೆಲ್ ರೇಟು, ರಾತ್ರಿ ಅಪ್ಪನ ಸೊಂಟನೋವು ಎಲ್ಲ ಬಂತು. ಓದುವಾಗ ಅವನ ದನಿಯೇ ಬೇರೆ ಇತ್ತು.

ಈ ಕಲೆ ಹುಟ್ಟಿದ್ದೂ ಹಾಗೇ ಅಲ್ವಾ? ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಮತ್ತು ಅವನ ತಂಗಿ ತಮ್ಮ ಕಟ್ಟಡದಲ್ಲೇ ಒಂದು ಪಾರ್ಟಿ ಇಟ್ಟಿದ್ದರು. ರ‍್ಯಾಪ್, ಕುಣಿತ ಎಲ್ಲ ಸೇರಿದ ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಜನ ಆಚರಿಸೋದು ಅದೇ ದಿನ. ಬಡತನ, ಸುಟ್ಟ ಕಟ್ಟಡಗಳ ಆ ಓಣಿಯ ಹುಡುಗರು ತಮ್ಮ ಓಣಿಯನ್ನೇ ಹಾಡಿದರು.

ಇನ್ನು ಬರವಣಿಗೆ. ಕನ್ನಡದ ರ‍್ಯಾಪರ್‌ಗಳಾದ ಚಂದನ್ ಶೆಟ್ಟಿ, ಆಲ್ ಓಕೆ ಹಾಡು ಬಾಯಿಪಾಠ ಇರುವ ಮಕ್ಕಳಿಗೆ ವೇಗ ಗೊತ್ತು, ಪ್ರಾಸ ಕಷ್ಟ. ನಿಮಿಷಕ್ಕೆ 90 ಬೀಟ್ ಇಟ್ಟರೆ ನಾಲ್ಕು ಬೀಟಿನ ಒಂದು ಬಾರ್ ಮೂರು ಸೆಕೆಂಡೂ ಇರುವುದಿಲ್ಲ, ಅಷ್ಟರಲ್ಲೇ ಸಾಲು ಕೂರಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹೋದೆ, ಬಂದೆ, ತಿಂದೆ ಅಂತ ಪುಕ್ಕಟೆ ಪ್ರಾಸ ಸಿಗುತ್ತದೆ. ಎಂಟು ಸಾಲು ಹಾಗೇ ಹೋದರೆ ಕೇಳುವವರಿಗೆ ಬೇಜಾರು. ಅದಕ್ಕೆ ಸಾಲಿನ ಕೊನೆಯಲ್ಲಿ ಕ್ರಿಯಾಪದ ಬೇಡ ಅನ್ನುತ್ತೇನೆ. ಜೊತೆಗೆ ನಮ್ಮ ಹಳೇ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಕೂಡಿಸೋದು. ಟಂಟಂ ಹುಡುಗ ತಿದ್ದಿ ಬರೆದದ್ದು ಹೀಗೆ:

ಕಂತಿನ ಚೀಟಿ ಕಿಸೆಯಾಗ,
ಸಂತಿಗೆ ಹೊಂಟ ಬಿಸಲಾಗ.

ಎರಡೂ ಸಾಲಿಗೆ ಹನ್ನೆರಡು ಮಾತ್ರೆ, ಬೀಟಿನ ಮೇಲೆ ಸಲೀಸಾಗಿ ಕೂರುತ್ತದೆ.

ಇದು ನಮ್ಮ ಸಂಸ್ಕೃತಿ ಅಲ್ಲ ಅನ್ನುವ ಹಿರಿಯರಿಗೆ ನಾನು ಗೀಗೀ ಪದದ ಹರದೇಶಿ ನಾಗೇಶಿ ನೆನಪಿಸುತ್ತೇನೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಎರಡು ಮೇಳಗಳು ರಾತ್ರಿಯಿಡೀ ಹಾಡಿನಲ್ಲೇ ವಾದ ಮಾಡುವ ಪದ್ಧತಿ ನಮ್ಮ ಉತ್ತರ ಕರ್ನಾಟಕದ್ದೇ. ರ‍್ಯಾಪ್ ಬ್ಯಾಟಲ್‌ಗೆ ಇದಕ್ಕಿಂತ ಹತ್ತಿರದ ನೆಂಟ ಬೇಕೇ? ನಮ್ಮಲ್ಲೂ ಬ್ಯಾಟಲ್ ಇಡುತ್ತೇನೆ. ಜಾತಿ, ಮೈಬಣ್ಣ, ಎದುರಿಗಿದ್ದವರ ಮನೆಯ ಹೆಣ್ಣುಮಕ್ಕಳು, ಈ ಮೂರರ ಸುದ್ದಿಗೆ ಹೋದವರು ಅಲ್ಲೇ ಸೋತ ಹಾಗೆ. ಈ ನಿಯಮ ಬಂದ ಮೇಲೆ ಹುಡುಗಿಯರು ಜಾಸ್ತಿ ಬರತೊಡಗಿದರು. ಬಸ್‌ಸ್ಟ್ಯಾಂಡಿನಲ್ಲಿ ಚುಡಾಯಿಸುವವರ ಬಗ್ಗೆ ಒಬ್ಬಳು ಓದಿದಾಗ ಹುಡುಗರು ಚಪ್ಪಾಳೆ ಹೊಡೆಯಲಿಲ್ಲ, ತಲೆ ತಗ್ಗಿಸಿದರು. ಮುಂದಿನ ವಾರ ಅವರಲ್ಲಿ ಇಬ್ಬರು ಅದಕ್ಕೆ ಉತ್ತರವಾಗಿ ಸಾಲು ಬರೆದು ತಂದರು.

ಎಲ್ಲರೂ ಬದಲಾಗುತ್ತಾರೆ ಅಂತ ಹೇಳಲಾರೆ. ಬಂದೂಕಿನ ಹಾಡೇ ಬೇಕು ಅನ್ನುವವರು ಈಗಲೂ ಇದ್ದಾರೆ. ಅವರನ್ನೂ ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಮಕ್ಕಳ ಫೋನ್ ಕಸಿದುಕೊಳ್ಳುವ ಅಪ್ಪ ಅಮ್ಮಂದಿರಿಗೆ ಹೇಳೋದು ಇಷ್ಟೇ: ಅವರು ಬರೆದ ಎಂಟು ಸಾಲನ್ನು ಒಮ್ಮೆ ಓದಿಸಿ ಕೇಳಿ, ನಡುವೆ ಮಾತಾಡಬೇಡಿ.