ಕಲ್ಲಿನ ಸಾಂದ್ರತೆಯನ್ನು ಅಳೆಯುವ ಬಗೆ

ವಸ್ತುವೊಂದರಲ್ಲಿ ಎಷ್ಟು ದ್ರವ್ಯವಿದೆ ಎಂಬುದು ಅದರ ದ್ರವ್ಯರಾಶಿ, ಅದು ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಅದರ ಗಾತ್ರ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಅಳೆದು ನೋಡುವುದೇ ಮೇಲು. ಮೈಸೂರಿನ ಮಕ್ಕಳಿಗೆ ಚಾಮುಂಡಿ ಬೆಟ್ಟದಲ್ಲಿರುವಂಥ ಗ್ರಾನೈಟ್ ಕಲ್ಲಿನ, ಅಳತೆ ಜಾಡಿಯ ಬಾಯಲ್ಲಿ ಇಳಿಯುವಷ್ಟು ಚಿಕ್ಕ ಚೂರು ಸಾಕು.

ಮೊದಲು ಒಣಗಿದ ಕಲ್ಲನ್ನು ತೂಗಿ. 27 ಗ್ರಾಂ ಬಂತೆನ್ನೋಣ. ಬಳಿಕ ಜಾಡಿಗೆ 50 ಮಿಲಿಲೀಟರ್ ನೀರು ಹಾಕಿ, ಕಲ್ಲಿಗೆ ತೆಳುವಾದ ದಾರ ಕಟ್ಟಿ, ಗಾಜಿಗೆ ಪೆಟ್ಟಾಗದಂತೆ ಮೆಲ್ಲಗೆ ಪೂರ್ತಿ ಮುಳುಗಿಸಿ. ನೀರು ಅಂಚಿನಲ್ಲಿ ಗಾಜಿಗಂಟಿ ತುಸು ಮೇಲೇರಿರುವುದರಿಂದ, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು, ನಡುವಿನ ತಗ್ಗು ಯಾವ ಗೆರೆಯಲ್ಲಿದೆಯೋ ಅದನ್ನೇ ಓದಬೇಕು. ಅಳತೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ದಾರ ಅಲುಗಿಸಿ ಬಿಡಿಸಿ. ಒಂದು ಮಿಲಿಲೀಟರ್ ಎಂದರೆ ಒಂದು ಘನ ಸೆಂಟಿಮೀಟರ್; ನೀರು 50ರಿಂದ 60ಕ್ಕೆ ಏರಿದ್ದರೆ ಕಲ್ಲಿನ ಗಾತ್ರ 10 ಘನ ಸೆಂಟಿಮೀಟರ್, ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ. ಅದೇ ಕಲ್ಲನ್ನು ಒಡೆದು ಅರ್ಧವನ್ನಷ್ಟೇ ಅಳೆದರೂ ಸಾಂದ್ರತೆ ಬದಲಾಗದೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಮಂಡ್ಯದ ಅಚ್ಚುಬೆಲ್ಲವನ್ನು ಅಳೆಯಬೇಕೆಂದಿದ್ದರೆ ಮಾತ್ರ ನೀರಿನ ಬದಲು ಕಡಲೆಕಾಯಿ ಎಣ್ಣೆ ಬಳಸಿ. ಬೆಲ್ಲ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ.