ಕಿವುಡು ರಿಪೀಟರ್‌ಗೆ ಕಿವಿ ಬಂದಿದ್ದು

ಗುಡ್ಡದ ಮೇಲೆ ನಮ್ಮ ಹ್ಯಾಮ್ ರೇಡಿಯೋ ಕ್ಲಬ್ಬಿನ ರಿಪೀಟರ್, ಅಂದರೆ ಕೇಳಿದ್ದನ್ನು ಜೋರಾಗಿ ಮತ್ತೆ ಹೇಳುವ ರೇಡಿಯೋ, ಮೊದಲ ಸಲ ಆನ್ ಮಾಡಿದ ಸಂಜೆ, ಕೆಳಗಿನ ಊರಿಂದ ಗೆಳೆಯ ಹ್ಯಾಂಡಿಯಲ್ಲಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್ಟಿನಲ್ಲಿ, ಕರೆದ. ನಮಗೆ ಕೇಳಿಸಿದ್ದು ಅವನ ಮಾತಲ್ಲ. ಟಕ್, ಟಕ್, ಟಕ್, ಟಕ್. ಕೋಳಿ ಕಾಳು ಹೆಕ್ಕಿದ ಹಾಗೆ. ಅವನು ಪಿಟಿಟಿ, ಅಂದರೆ ಮಾತಾಡುವಾಗ ಒತ್ತುವ ಗುಂಡಿ, ಬಿಟ್ಟ ತಕ್ಷಣ ಅದೂ ನಿಂತಿತು. ಮತ್ತೆ ಒತ್ತಿದ, ಮತ್ತೆ ಟಕ್ ಟಕ್.

ಪಕ್ಕದಲ್ಲಿದ್ದ ನಮ್ಮ ಕ್ಲಬ್ಬಿನ ಹಿರಿಯರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಓಎಂ, ನಿಮ್ಮ ರಿಪೀಟರ್‌ಗೆ ಬಾಯಿ ಇದೆ, ಕಿವಿ ಇಲ್ಲ" ಅಂದರು. ಓಎಂ ಅಂದರೆ ಓಲ್ಡ್ ಮ್ಯಾನ್, ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯುವ ರೀತಿ.

ಆಗಿದ್ದು ಇಷ್ಟು. ಗೆಳೆಯನ ಸಿಗ್ನಲ್ ರಿಸೀವರ್‌ಗೆ ಬರುತ್ತದೆ. ರಿಪೀಟರ್ ತನ್ನ ಟ್ರಾನ್ಸ್‌ಮಿಟರ್ ಆನ್ ಮಾಡುತ್ತದೆ. ಆ ಟ್ರಾನ್ಸ್‌ಮಿಟರ್‌ನ ಗದ್ದಲಕ್ಕೆ ಅದರದೇ ರಿಸೀವರ್ ಕಿವುಡಾಗುತ್ತದೆ. ಸಿಗ್ನಲ್ ಹೋಯಿತು ಅಂದುಕೊಂಡು ಟ್ರಾನ್ಸ್‌ಮಿಟರ್ ಆಫ್ ಆಗುತ್ತದೆ. ಆಫ್ ಆದಕೂಡಲೇ ಮತ್ತೆ ಗೆಳೆಯ ಕೇಳಿಸುತ್ತಾನೆ. ಮತ್ತೆ ಆನ್. ಇದನ್ನು ಸರಿ ಮಾಡೋಕೆ ನನಗೆ ಒಂದೂವರೆ ವರ್ಷ ಬೇಕಾಯಿತು. ಅದಕ್ಕೆ ಮುಂಚಿನ ರೇಡಿಯೋ ಕೆಲಸ ಮುಗಿದದ್ದು ಮೂರೇ ವಾರಾಂತ್ಯದಲ್ಲಿ.

ಆ ಮೂರು ವಾರಾಂತ್ಯದ ಕಥೆ ಮೊದಲು ಹೇಳಿಬಿಡುತ್ತೇನೆ.

ನಮ್ಮದು ಸಕಲೇಶಪುರದ ಕಡೆ. ಒಂದು ಗುಡ್ಡದ ಹಿಂದೆ ಇನ್ನೊಂದು ಗುಡ್ಡ. 5 ವಾಟ್‌ನ ಹ್ಯಾಂಡಿ ಹಿಡಿದು ಎರಡು ಮೈಲಿ ಆಚೆಯ ತೋಟದವನ ಹತ್ತಿರ ಮಾತಾಡೋಕೆ ಆಗುವುದಿಲ್ಲ. ಎತ್ತರದಲ್ಲಿ ಒಂದು ರಿಪೀಟರ್ ಇದ್ದರೆ ಅದು ಕೇಳಿಸಿಕೊಂಡು ಜೋರಾಗಿ ಮತ್ತೆ ಹೇಳುತ್ತದೆ. ಎರಡು ಮೀಟರ್ ಬ್ಯಾಂಡ್‌ನಲ್ಲಿ, ಅಂದರೆ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಕೇಳುವುದಕ್ಕೂ ಹೇಳುವುದಕ್ಕೂ ನಡುವೆ 600 ಕಿಲೋಹರ್ಟ್ಸ್ ಅಂತರ ಇಡುವುದು ರೂಢಿ. ಹೊರಗೆ 145.700 ಅಂದರೆ ಒಳಗೆ 145.100. ಕ್ಲಬ್ ಹೆಸರಿನಲ್ಲಿ, ರೇಡಿಯೋ ಪರವಾನಗಿ ಕೊಡುವ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿಗೆ ಅರ್ಜಿ ಹಾಕಿದೆವು. ಆ ಕಾಗದಪತ್ರದ ಕೆಲಸ ಇನ್ನೊಬ್ಬರು ವಹಿಸಿಕೊಂಡರು, ಪುಣ್ಯಾತ್ಮರು.

ಸೆಟ್‌ಗಳು ಸಿಕ್ಕಿದ್ದು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ. ಮೂರು ಮೊಟೊರೋಲಾ ಜಿಎಂ300. ಯಾವುದೋ ಕಾರ್ಖಾನೆಯ ಜೀಪುಗಳಲ್ಲಿ ಇದ್ದವು ಅಂತ ಅಂಗಡಿಯವನು ಹೇಳಿದ. ಮುಂದಿನ ಗುಂಡಿಗಳ ಮೇಲಿನ ಅಕ್ಷರ ಸವೆದು ಹೋಗಿತ್ತು. ಈ ಸೆಟ್ ಕೊಳ್ಳುವವರು ಹಿಂದಿನ ಚೀಟಿ ಓದಲೇಬೇಕು. ವಿಎಚ್‌ಎಫ್‌ನಲ್ಲೇ ಎರಡು ಥರ ಇವೆ: 136ರಿಂದ 162ರ ವರೆಗಿನದು, 146ರಿಂದ 174ರ ವರೆಗಿನದು. ಎರಡನೆಯದು ಅಗ್ಗಕ್ಕೆ ಸಿಗುತ್ತೆ, ನಮ್ಮ ಬ್ಯಾಂಡ್‌ಗೆ ಸರಿಹೊಂದಲ್ಲ. ಎಳೆದಾಡಿ ಕೆಳಗಿಳಿಸಬಹುದು, ಆದರೆ ಸುಮ್ನೆ ಯಾಕೆ? ಮೂರನ್ನೂ ಮೊದಲನೆಯ ಥರದ್ದೇ ಆರಿಸಿದೆ. ಮನೆಗೆ ತಂದು ನೋಡಿದರೆ ಒಂದರ ಪವರ್ ಟ್ರಾನ್ಸಿಸ್ಟರ್ ಸುಟ್ಟಿತ್ತು. ಅದನ್ನೇ ರಿಸೀವರ್ ಮಾಡಿದೆ. ಕೇಳೋಕೆ ಬಾಯಿ ಬೇಕಿಲ್ಲ ಅಲ್ವಾ.

ಪ್ರೋಗ್ರಾಂ ಮಾಡೋದು ಒಂದು ಪುರಾಣ. ಅದರ ಸಾಫ್ಟ್‌ವೇರ್ ಡಾಸ್ ಕಾಲದ್ದು. ಈಗಿನ ಕಂಪ್ಯೂಟರ್ ಅದಕ್ಕೆ ವಿಪರೀತ ವೇಗ. ಲೆಕ್ಕ ತಪ್ಪಿ ಸೆಟ್‌ನ ಒಳಗಿರುವ ಮಾಹಿತಿಯೇ ಕೆಡಬಹುದು. ಹಾಗಾಗಿ ಪಕ್ಕದ ಊರಿನ ಟೈಪಿಂಗ್ ಅಂಗಡಿಯ ಅಟ್ಟದಿಂದ ಒಂದು 486 ಕಂಪ್ಯೂಟರ್ ಇಳಿಸಿಕೊಂಡು ಬಂದೆ. ಅದರೊಳಗೆ ಇಲಿ ಗೂಡು ಕಟ್ಟಿತ್ತು. ಗೂಡು ತೆಗೆದು, ಫ್ಲಾಪಿ ಡ್ರೈವ್‌ಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟೆ. ಓಡಿತು.

ಜಿಎಂ300 ರಿಪೀಟರ್‌ಗೆ ಹೇಳಿ ಮಾಡಿಸಿದ ಹಾಗಿರುವುದು ಅದರ ಬೆನ್ನಿಗಿರುವ 16 ಪಿನ್‌ನ ಕನೆಕ್ಟರ್‌ನಿಂದ. ಸೆಟ್ ಬಿಚ್ಚಿ ಬೋರ್ಡ್ ಮೇಲೆ ವೈರ್ ಬೆಸೆಯುವ ಕೆಲಸವೇ ಇಲ್ಲ. 11ನೇ ಪಿನ್‌ನಲ್ಲಿ ಕೇಳಿದ ಧ್ವನಿ ಹೊರಗೆ ಬರುತ್ತದೆ. 5ನೇ ಪಿನ್‌ಗೆ ಕೊಟ್ಟ ಧ್ವನಿ ಹಾಗೇ ಗಾಳಿಗೆ ಹೋಗುತ್ತದೆ. 3ನೇದು ಪಿಟಿಟಿ, 7ನೇದು ಗ್ರೌಂಡ್. 8ನೇದನ್ನು "ಸಿಗ್ನಲ್ ಬಂದಿದೆ" ಅಂತ ಹೇಳುವ ಹಾಗೆ ಪ್ರೋಗ್ರಾಂ ಮಾಡಬಹುದು. ರಿಸೀವರ್‌ನ 8ರಿಂದ ಟ್ರಾನ್ಸ್‌ಮಿಟರ್‌ನ 3ಕ್ಕೆ ಒಂದು ವೈರ್, 11ರಿಂದ 5ಕ್ಕೆ ಇನ್ನೊಂದು, ಗ್ರೌಂಡ್ ಜೋಡಿಸಿದರೆ ಆಯಿತು. ಬಡವರ ರಿಪೀಟರ್ ತಯಾರು.

ನಾನು ಎರಡು ತಪ್ಪು ಮಾಡಿದೆ. 8ನೇ ಪಿನ್‌ಗೆ ಉಲ್ಟಾ ಆರಿಸಿದ್ದೆ. ಯಾರೂ ಮಾತಾಡದಿದ್ದಾಗ ರಿಪೀಟರ್ ಆನ್, ಮಾತಾಡಿದರೆ ಆಫ್. ನಮ್ಮ ಮನೆಯವಳು "ನಿಮ್ಮ ಥರಾನೇ" ಅಂದಳು. ಎರಡನೆಯದು ಧ್ವನಿ. 11ನೇ ಪಿನ್‌ನಲ್ಲಿ ಬರುವ ಧ್ವನಿ ಸ್ಪೀಕರ್‌ಗೆ ಹೋಗುವ ಹಾಗೆ ಮೆತ್ತಗಾದದ್ದೋ ಅಥವಾ ಕಚ್ಚಾ ಧ್ವನಿಯೋ ಅನ್ನುವುದನ್ನು ಸೆಟ್‌ನ ಒಳಗಿನ ಒಂದು ಜಂಪರ್ ತೀರ್ಮಾನಿಸುತ್ತದೆ. ನಾನು ಅದನ್ನು ಮುಟ್ಟಿರಲಿಲ್ಲ. ಮೆತ್ತಗಾದ ಧ್ವನಿಯನ್ನು ಕಚ್ಚಾ ಧ್ವನಿಯ ಬಾಗಿಲಿಗೆ ಕೊಟ್ಟರೆ ಮಾತು ಕಂಬಳಿ ಹೊದ್ದು ಆಡಿದ ಹಾಗೆ ಕೇಳಿಸುತ್ತದೆ. ಜಂಪರ್ ಬದಲಿಸಿದೆ, ಕಂಬಳಿ ಜಾರಿತು.

ಕಂಟ್ರೋಲರ್ ಒಂದು ಆರ್ಡುಯಿನೋ, ಅಂದರೆ ಪುಟ್ಟ ಕಂಪ್ಯೂಟರ್ ಬೋರ್ಡ್. ಮೂರು ನಿಮಿಷಕ್ಕೆ ಬಾಯಿ ಮುಚ್ಚಿಸುತ್ತೆ, ಆಗಾಗ ಮೋರ್ಸ್‌ನಲ್ಲಿ ಕಾಲ್‌ಸೈನ್ ಹೇಳುತ್ತೆ. ಹೆಚ್ಚೇನಿಲ್ಲ.

ಪವರ್ ಬಗ್ಗೆ ಒಂದು ಮಾತು. ಸೆಟ್ 25 ವಾಟ್‌ನದು. ಆದರೆ ಅದು ಜೀಪಿಗೆ ಮಾಡಿದ್ದು. ಜೀಪಿನಲ್ಲಿ ಸ್ವಲ್ಪ ಮಾತು, ಜಾಸ್ತಿ ಕೇಳುವುದು. ರಿಪೀಟರ್‌ನಲ್ಲಿ ಸಂಜೆ ನೆಟ್, ಅಂದರೆ ಎಲ್ಲರೂ ಸರದಿಯಲ್ಲಿ ಮಾತಾಡುವ ಕೂಟ, ಶುರುವಾದರೆ ಒಂದು ಗಂಟೆ ಪೂರ್ತಿ ಮಾತೇ. ನಾನು 10 ವಾಟ್‌ಗೆ ಇಳಿಸಿದೆ. ಆಗಲೂ 13.8 ವೋಲ್ಟ್‌ನಲ್ಲಿ ಸುಮಾರು 4 ಆಂಪಿಯರ್ ಎಳೆಯುತ್ತಿತ್ತು. ಅಂದರೆ 55 ವಾಟ್ ಒಳಗೆ, 10 ಹೊರಗೆ. ಉಳಿದ 45 ಬರೀ ಬಿಸಿ, ಒಂದು ದೊಡ್ಡ ಸೋಲ್ಡರಿಂಗ್ ಐರನ್‌ನಷ್ಟು. ಹಳೇ ಕಂಪ್ಯೂಟರ್‌ನ ಫ್ಯಾನ್ ಬೆನ್ನಿಗೆ ಕಟ್ಟಿದೆ.

ಇಲ್ಲಿಗೆ ಸುಲಭದ ಕೆಲಸ ಮುಗಿಯಿತು. ಈಗ ಆ ಕೋಳಿಯ ವಿಷಯ.

ರೇಡಿಯೋದವರು ಸಿಗ್ನಲ್ ಬಲವನ್ನು ಡಿಬಿಯಲ್ಲಿ ಅಳೆಯುತ್ತಾರೆ, ಹತ್ತು ಡಿಬಿಗೆ ಹತ್ತು ಪಟ್ಟು. 10 ವಾಟ್ ಅಂದರೆ 40 ಡಿಬಿಎಂ. ರಿಸೀವರ್ ಕೇಳಬೇಕಾದ್ದು ಕಾಲು ಮೈಕ್ರೋವೋಲ್ಟ್, ಅಂದರೆ ಮೈನಸ್ 119 ಡಿಬಿಎಂ. ಎರಡರ ನಡುವೆ 159 ಡಿಬಿ. ಜಾತ್ರೆಯ ಮೈಕ್ ಬಾಯಿಗೆ ಕಿವಿ ಇಟ್ಟುಕೊಂಡು, ಆಚೆ ಬೀದಿಯಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಕೇಳಬೇಕು. ಅದೂ ಒಂದೇ ಆಂಟೆನಾದಲ್ಲಿ. ಸಮಸ್ಯೆಗೆ ಎರಡು ಮುಖ ಇವೆ. ಟ್ರಾನ್ಸ್‌ಮಿಟರ್‌ನ ಬಲವೇ ರಿಸೀವರ್‌ನ್ನು ಉಸಿರುಗಟ್ಟಿಸುತ್ತದೆ. ಜೊತೆಗೆ ಟ್ರಾನ್ಸ್‌ಮಿಟರ್ ತನ್ನ ಫ್ರೀಕ್ವೆನ್ಸಿಯ ಆಚೀಚೆ ಸಣ್ಣಗೆ ಗೊರಗೊರ ಅನ್ನುತ್ತಲೇ ಇರುತ್ತದೆ, ಆ ಗೊರಗೊರ ನೇರ ರಿಸೀವರ್ ಕೇಳುವ ಜಾಗಕ್ಕೇ ಬೀಳುತ್ತದೆ. ಮೊದಲನೆಯದನ್ನು ರಿಸೀವರ್ ಬದಿಯಲ್ಲಿ ತಡೆಯಬೇಕು, ಎರಡನೆಯದನ್ನು ಟ್ರಾನ್ಸ್‌ಮಿಟರ್ ಬದಿಯಲ್ಲೇ. ಎರಡೂ ಕಡೆ 80 ಡಿಬಿಯ ಆಸುಪಾಸು ಬೇಕು. ಆ ಕೆಲಸ ಮಾಡುವುದೇ ಡ್ಯೂಪ್ಲೆಕ್ಸರ್.

ನಾನು ಮೊದಲು ತಂದದ್ದು ಅಂಗೈಯಗಲದ ಒಂದು ಡಬ್ಬಿ. ಅಂಥವು ನಾಲ್ಕೈದು ಮೆಗಾಹರ್ಟ್ಸ್ ಅಂತರಕ್ಕೆ ಮಾಡಿದವು. 600 ಕಿಲೋಹರ್ಟ್ಸ್‌ನಲ್ಲಿ ಅದರಿಂದ ಏನೂ ಆಗದು. ಮಾರುವಾಗ ಅವರು ಹೇಳಲಿಲ್ಲ, ಕೊಳ್ಳುವಾಗ ನಾನು ಕೇಳಲಿಲ್ಲ. ಆ ಟಕ್ ಟಕ್ ಅದರದ್ದೇ.

ಸರಿಯಾದ ಡ್ಯೂಪ್ಲೆಕ್ಸರ್ ಕೊಳ್ಳುವಷ್ಟು ದುಡ್ಡು ಕ್ಲಬ್ಬಿನಲ್ಲಿ ಇರಲಿಲ್ಲ. ಹಾಗಾಗಿ ಡ್ಯೂಪ್ಲೆಕ್ಸರ್ ಆಗುವ ಕ್ಯಾವಿಟಿಗಳನ್ನು ನಾವೇ ಮಾಡಿದೆವು. ಕ್ಯಾವಿಟಿ ಅಂದರೆ ಒಂದು ಕೊಳವೆ, ಅದರೊಳಗೆ ಕಾಲು ತರಂಗದ ಉದ್ದದ ಇನ್ನೊಂದು ಕೊಳವೆ. 145 ಮೆಗಾಹರ್ಟ್ಸ್‌ಗೆ ಅದು ಸುಮಾರು 52 ಸೆಂಟಿಮೀಟರ್. ಹೊರಗಿನದಕ್ಕೆ ಕಾಫಿ ತೋಟದ ಸ್ಪ್ರಿಂಕ್ಲರ್ ಲೈನಿನ 4 ಇಂಚಿನ ಅಲ್ಯೂಮಿನಿಯಂ ಪೈಪ್. ಪರಿಚಯದ ತೋಟದವರು ಜಜ್ಜಿಹೋದದ್ದು ಅಂತ ಮೂಲೆಗೆ ಹಾಕಿದ್ದರು, ಚೆನ್ನಾಗಿರುವ ಭಾಗ ಕತ್ತರಿಸಿಕೊಂಡೆವು. ಒಳಗೆ ಎಸಿ ಮೆಕ್ಯಾನಿಕ್‌ಗಳು ಬಳಸುವ ತಾಮ್ರದ ಪೈಪ್, ಒಂದು ಇಂಚಿಗಿಂತ ಕೊಂಚ ದಪ್ಪದ್ದು. ಹೊರಗಿನದು ಒಳಗಿನದಕ್ಕಿಂತ ಸುಮಾರು 3.6 ಪಟ್ಟು ಅಗಲ ಇದ್ದರೆ ನಷ್ಟ ಎಲ್ಲಕ್ಕಿಂತ ಕಡಿಮೆ, ಅದಕ್ಕೇ ಈ ಅಳತೆ. ತಾಮ್ರದ ಪೈಪ್ ಒಳಗಿಂದ ಒಂದು ಹಿತ್ತಾಳೆ ಮೂತಿ ಹೊರಗೆ ಚಾಚಿಕೊಳ್ಳುತ್ತದೆ. ಮೇಲಿಂದ ತಿರುಪು ತಿರುಗಿಸಿದರೆ ಅದು ಉದ್ದ ಆಗುತ್ತೆ, ಗಿಡ್ಡ ಆಗುತ್ತೆ. ಹಾಗೆ ಟ್ಯೂನ್ ಮಾಡುವುದು.

ಲೇತ್ ಅಂಗಡಿಯ ಮೇಸ್ತ್ರಿ ಮೊದಲನೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಸಾರ್, ಇದರಲ್ಲಿ ಏನು ಕಾಯಿಸ್ತೀರಾ?"

"ಏನೂ ಇಲ್ಲ ಮೇಸ್ತ್ರಿ. ಒಳಗೆ ಖಾಲಿ."

"ಖಾಲಿ ಡಬ್ಬಕ್ಕೆ ಇಷ್ಟು ನಾಜೂಕಾ?"

ಹೌದು, ಅಷ್ಟು ನಾಜೂಕು. ಆ ಮೂತಿ ತಾಮ್ರದ ಪೈಪ್‌ಗೆ ತಾಗುವ ಜಾಗದಲ್ಲಿ ಸುತ್ತ ಬೆರಳುಗಳ ಹಾಗೆ ಸೀಳಿದ ಪಟ್ಟಿ ಇರುತ್ತದೆ. ಒಂದು ಬೆರಳು ಸಡಿಲವಾದರೂ ಸಾಕು, ತಿರುಪು ಮುಟ್ಟಿದಾಗೆಲ್ಲ ಟ್ಯೂನಿಂಗ್ ಹಾರುತ್ತದೆ. ಮೇಸ್ತ್ರಿ ಆರು ಕ್ಯಾವಿಟಿ ಮಾಡಿಕೊಟ್ಟರು. ಟ್ರಾನ್ಸ್‌ಮಿಟರ್ ಬದಿಗೆ ಮೂರು, ರಿಸೀವರ್ ಬದಿಗೆ ಮೂರು. ಎರಡನ್ನು ವಾಪಸ್ ಕೊಟ್ಟು ಬೆರಳು ಮತ್ತೆ ಮಾಡಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ದುಡ್ಡನ್ನೂ ಜಾಸ್ತಿ ಕೇಳಲಿಲ್ಲ.

ನ್ಯಾನೋವಿಎನ್‌ಎ ಅನ್ನುವ, ಯಾವ ಫ್ರೀಕ್ವೆನ್ಸಿ ಎಷ್ಟು ದಾಟುತ್ತದೆ ಅಂತ ಗೆರೆ ಎಳೆದು ತೋರಿಸುವ ಪುಟ್ಟ ಯಂತ್ರ ಇಲ್ಲದಿದ್ದರೆ ಇದು ಆಗುವ ಮಾತೇ ಅಲ್ಲ. ತಿರುಪು ಕೂದಲೆಳೆಯಷ್ಟು ತಿರುಗಿಸಿದರೆ ಪರದೆಯ ಮೇಲೆ ಬಾವಿಯಂಥ ಗುಂಡಿ, ಅಂದರೆ ಕ್ಯಾವಿಟಿ ತಡೆಯುವ ಫ್ರೀಕ್ವೆನ್ಸಿ, ಎಡಕ್ಕೋ ಬಲಕ್ಕೋ ಸರಿಯುತ್ತದೆ. ಆದರೆ ಮೂರೂ ಕ್ಯಾವಿಟಿ ಸೇರಿದಾಗ ಗುಂಡಿ ಎಷ್ಟು ಆಳ ಅಂತ ಅದಕ್ಕೆ ಕಾಣದು. ಒಂದೊಂದೇ ಅಳೆದು ಕೂಡಿಸಿದೆ.

ಟೇಬಲ್ ಮೇಲೆ ಪರೀಕ್ಷೆ ಹೀಗೆ. ಆಂಟೆನಾ ಬದಲು ಡಮ್ಮಿ ಲೋಡ್, ಶಕ್ತಿಯನ್ನು ಗಾಳಿಗೆ ಬಿಡದೆ ಬಿಸಿಯಾಗಿ ನುಂಗುವ ರೆಸಿಸ್ಟರ್. ನಡುವೆ ಒಂದು ಟಿ ಕನೆಕ್ಟರ್, ಅದರ ಪಕ್ಕದ ಕವಲಿನ ಪಿನ್ ಕಿತ್ತಿರಬೇಕು. ಆ ಕವಲಿನಿಂದ ಸಿಗ್ನಲ್ ಜನರೇಟರ್‌ನ ಸಣ್ಣ ಸಿಗ್ನಲ್ ಒಳಕ್ಕೆ ಜಿನುಗುತ್ತದೆ. ಸುಯ್ ಅನ್ನುವ ಸದ್ದಿನ ನಡುವೆ ಟೋನ್ ಅರ್ಧಂಬರ್ಧ ಕೇಳುವಷ್ಟಕ್ಕೆ ಅದನ್ನು ಇಳಿಸಿ, ಟ್ರಾನ್ಸ್‌ಮಿಟರ್ ಕೈಯಿಂದ ಆನ್ ಮಾಡಬೇಕು. ಸುಯ್ ಜಾಸ್ತಿಯಾದರೆ ರಿಪೀಟರ್ ಇನ್ನೂ ಕಿವುಡು. ಮೊದಲ ದಿನ ಟೋನ್ ಪೂರ್ತಿ ಮುಳುಗಿಹೋಯಿತು. ಕ್ಯಾವಿಟಿಗಳ ನಡುವಿನ ಕೇಬಲ್ ಸಾದಾ ಆರ್‌ಜಿ 58 ಹಾಕಿದ್ದೆ. ಅದರ ಒಂದೇ ಪದರದ ಜಾಲರಿಯಿಂದ ಸೋರುತ್ತಿತ್ತು. ಎರಡು ಪದರದ ಆರ್‌ಜಿ 223, ಎಲ್ಲ ಕಡೆ ಎನ್ ಕನೆಕ್ಟರ್ ಹಾಕಿದೆ. ಮಾರನೇ ವಾರ ಸ್ವಿಚ್ ಒತ್ತಿದೆ. ಸುಯ್ ಹಾಗೇ ಇತ್ತು. ಮತ್ತೆ ಒತ್ತಿದೆ, ಬಿಟ್ಟೆ, ಒತ್ತಿದೆ. ಟ್ರಾನ್ಸ್‌ಮಿಟರ್ ನಿಜಕ್ಕೂ ಆನ್ ಆಗಿದೆಯಾ ಅಂತ ಪವರ್ ಮೀಟರ್ ನೋಡಿದೆ. ಆಗಿತ್ತು! ಡ್ಯೂಪ್ಲೆಕ್ಸರ್ ದಾಟಿ ಆರೂವರೆ ವಾಟ್ ಹೋಗುತ್ತಿತ್ತು.

ಗುಡ್ಡಕ್ಕೆ ಹೊತ್ತುಕೊಂಡು ಹೋದೆವು. ಆಂಟೆನಾ ಜೋಡಿಸಿದೆವು. ಚರಪರ ಚರಪರ ಅಂತ ಕಿರಿಕಿರಿ ಶುರು.

ಡಮ್ಮಿ ಲೋಡ್‌ನಲ್ಲಿ ಸರಿ, ಆಂಟೆನಾದಲ್ಲಿ ಕೆಟ್ಟದ್ದು ಅಂದರೆ ತಪ್ಪು ಡಬ್ಬಿಯ ಹೊರಗಿದೆ. ಹಿರಿಯರು ಕಂಬ ಹಿಡಿದು ಅಲ್ಲಾಡಿಸಿದರು. ಅಲ್ಲಾಡಿಸಿದ ಹಾಗೆ ಸ್ಪೀಕರ್‌ನಲ್ಲಿ ಚರಚರ. ಕಂಬದ ಒಂದು ಕ್ಲಾಂಪ್ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ಕೀಲು ಡಯೋಡ್ ಥರ ಆಡುತ್ತದೆ, ಹತ್ತಿರದ ಟ್ರಾನ್ಸ್‌ಮಿಟರ್‌ನ ಶಕ್ತಿ ನುಂಗಿ ಎಲ್ಲೆಡೆ ಸದ್ದು ಉಗುಳುತ್ತದೆ. ಕ್ಲಾಂಪ್ ಬದಲಿಸಿದೆವು. ಮುಕ್ಕಾಲು ಹೋಯಿತು. ಉಳಿದ ಕಾಲು ಭಾಗ ಆಂಟೆನಾ ಕೇಬಲ್‌ನದು. ಅಲ್ಯೂಮಿನಿಯಂ ಹಾಳೆಯ ಮೇಲೆ ತವರ ಲೇಪದ ಜಾಲರಿ ಇರುವ ಜಾತಿ ಅದು. ಒಂದು ಹೊತ್ತಿಗೆ ಮಾತಾಡುವುದು ಇಲ್ಲವೇ ಕೇಳುವುದು, ಒಂದೇ ಮಾಡೋಕೆ ಏನೂ ತೊಂದರೆ ಇಲ್ಲ. ರಿಪೀಟರ್‌ನಲ್ಲಿ ಗಾಳಿಗೆ ಅಲ್ಲಾಡಿದಾಗ ಆ ಎರಡು ಲೋಹ ಒಂದನ್ನೊಂದು ಉಜ್ಜಿ ಗದ್ದಲ ಎಬ್ಬಿಸುತ್ತವೆ. ಎರಡು ಜಾಲರಿಯ ಆರ್‌ಜಿ 214 ಎಳೆದೆವು. ದುಡ್ಡು ಸುರಿದದ್ದು ಅಂದರೆ ಇದಕ್ಕೇ.

ಆಮೇಲೆ ಬೇಸಿಗೆ ಬಂತು. ಬೆಳಿಗ್ಗೆ ಚೆನ್ನಾಗಿ ಕೇಳುವ ರಿಪೀಟರ್ ಮಧ್ಯಾಹ್ನ ಎರಡಕ್ಕೆ ಮತ್ತೆ ಕೋಳಿ. ಲೆಕ್ಕ ಹಾಕಿ ನೋಡಿದೆ. ಟ್ಯೂನ್ ಮಾಡುವ ಕಡ್ಡಿ ಹಿತ್ತಾಳೆಯದು. ಹತ್ತು ಡಿಗ್ರಿ ಬಿಸಿ ಏರಿದರೆ ಕ್ಯಾವಿಟಿ ಸುಮಾರು 27 ಕಿಲೋಹರ್ಟ್ಸ್ ಜಾರುತ್ತದೆ. ತಗಡಿನ ಶೆಡ್ಡಿನಲ್ಲಿ ಬೆಳಗಿನಿಂದ ಮಧ್ಯಾಹ್ನಕ್ಕೆ ಇಪ್ಪತ್ತು ಡಿಗ್ರಿ ಏರುತ್ತದೆ. ಗುಂಡಿ ಅಷ್ಟು ಕಿರಿದು, ಪಕ್ಕಕ್ಕೆ ಸರಿದರೆ ಮುಗಿಯಿತು. ಕಂಪನಿಯವರು ಇದಕ್ಕೇ ಇನ್‌ವಾರ್ ಹಾಕುತ್ತಾರೆ. ಕಬ್ಬಿಣಕ್ಕೆ 36 ಶೇಕಡ ನಿಕ್ಕಲ್ ಸೇರಿಸಿದ ಲೋಹ ಅದು, ಬಿಸಿಗೆ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಕಂಡುಹಿಡಿದ ಗಿಯೋಮ್‌ಗೆ 1920ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಆ ಶೆಡ್ಡಿನಲ್ಲಿ ಬೆವರು ಸುರಿಸುತ್ತಾ ನಿಂತಾಗ ಅದು ನ್ಯಾಯ ಅನ್ನಿಸಿತು. ಆರು ಕಡ್ಡಿ ಇನ್‌ವಾರ್ ತರಿಸೋಕೆ ನಾಲ್ಕು ತಿಂಗಳಾಯಿತು. ಅಲ್ಲಿಯವರೆಗೆ ಕ್ಯಾವಿಟಿಗಳನ್ನು ಥರ್ಮೋಕೋಲ್ ಹೊದಿಸಿದ ಮರದ ಪೆಟ್ಟಿಗೆಯಲ್ಲಿಟ್ಟು, ಶೆಡ್ಡಿನ ಮೇಲೆ ಅಡಕೆ ಸೋಗೆ ಹೊದಿಸಿದೆವು. ಸೋಗೆಯೂ ಪರವಾಗಿಲ್ಲ, ಅರ್ಧ ಕೆಲಸ ಅದೇ ಮಾಡಿತು.

ಕಡ್ಡಿ ಬದಲಿಸಿದ ಮೇಲೆ ಗೆಳೆಯನಿಗೆ ಮತ್ತೆ ಕರೆಯಲು ಹೇಳಿದೆ. ಮಧ್ಯಾಹ್ನ ಎರಡೂವರೆಗೆ, ಅದೇ ಹ್ಯಾಂಡಿ, ಅರ್ಧ ವಾಟ್‌ನಲ್ಲಿ. ಅವನ ಹಿಂದೆ ಕುಕ್ಕರ್ ಸೀಟಿ ಹೊಡೆದದ್ದೂ ಕೇಳಿಸಿತು.

ಈಗ ಉಳಿದಿರುವುದು ಆ ಬೆರಳುಗಳು. ಮಳೆಗಾಲದಲ್ಲಿ ಹಿತ್ತಾಳೆ ಕಪ್ಪಾಗುತ್ತೆ, ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಬೇಕು. ಬೆಳ್ಳಿ ಲೇಪ ಮಾಡಿಸೋಣ ಅಂತ ಹಾಸನದ ಅಕ್ಕಸಾಲಿಗರೊಬ್ಬರ ಹತ್ತಿರ ಒಂದು ಮೂತಿ ಕೊಟ್ಟು ಬಂದಿದ್ದೇನೆ. ಯಾವ ದೇವರದ್ದು ಅಂತ ಕೇಳಿದರು.